ಭಾವನ ಕಾರಿನ ಚಿಪ್

ಅಕ್ಕನ ಗಂಡನಿಗೆ ಬುದ್ಧಿ ಹೇಳುವ ಕೆಲಸ ಯಾರ ಹಣೆಯಲ್ಲೂ ಬರೆದಿರಬಾರದು. ಅದರಲ್ಲೂ ಹೇಳುವವನು ಮೆಕ್ಯಾನಿಕ್, ಕೇಳಬೇಕಾದವರು ಇಪ್ಪತ್ತು ವರ್ಷ ಬಾಡಿಗೆ ಕಾರು ಓಡಿಸಿದ ಭಾವ ಎಂದರೆ ಮುಗಿದೇ ಹೋಯಿತು.

ಆ ಹಳೇ ಕಾರೇ ಅವರ ಮನೆಯ ಅನ್ನ. ಒಂದು ದಿನ ಭಾವ ಬೆಂಕಿಪೊಟ್ಟಣದಷ್ಟು ದೊಡ್ಡ ಚಿಪ್ ತಂದು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರು. ಇಂಜಿನ್ನಿಗೆ ಬಲ ಬರುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂದು ಮಾರಿದವನು ಹೇಳಿದ್ದನಂತೆ. ನಾನು ನಕ್ಕುಬಿಟ್ಟೆ. ಕಾರು ಅದೇ ದಿನ ನನ್ನ ಗ್ಯಾರೇಜಿಗೆ ಸರ್ವಿಸಿಗೆ ಬಂದಿತ್ತು. ಏರ್ ಫಿಲ್ಟರ್ ಧೂಳು ಹಿಡಿದು ಕಂಬಳಿಯಾಗಿತ್ತು. ಹೊಸದು ಹಾಕಿದೆ, ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದೆ. ಮನೆಯವರ ಗಾಡಿಗೆ ಮಾಡಿದ್ದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಭಾವ ಜೇಬಿಗೆ ಕೈ ಹಾಕುತ್ತಾರೆ, ಅಕ್ಕ ಮುಖ ಸಣ್ಣ ಮಾಡುತ್ತಾಳೆ. ಆ ಹಾಳು ಅಭ್ಯಾಸವೇ ನನಗೆ ಮುಳುವಾಯಿತು.

ಮರುದಿನದಿಂದ ಕಾರು ಹುರುಪಿನಿಂದ ಓಡಿತು. ಭಾವ ಸ್ಟ್ಯಾಂಡಿನಲ್ಲೆಲ್ಲ ಚಿಪ್‌ನ ಗುಣಗಾನ ಮಾಡಿದರು. ಇನ್ನೂ ನಾಲ್ವರು ಡ್ರೈವರುಗಳು ಅದನ್ನೇ ಕೊಂಡರು, ಅವರ ಕರ್ಮ.

ಮೂರು ತಿಂಗಳಿಗೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಪಿಸ್ಟನ್ ರಿಂಗ್ ಸವೆದು ಇಂಜಿನ್ ಆಯಿಲ್ ಕುಡಿಯುತ್ತಿತ್ತು. ಒಂದು ವಾರ ಗಾಡಿ ನನ್ನ ಗ್ಯಾರೇಜಿನಲ್ಲಿ ಬಿಡಿ, ಹೀಗೇ ಓಡಿಸಿದರೆ ಇಂಜಿನ್ ಪೂರ್ತಿ ಜಾಮ್ ಆಗುತ್ತದೆ ಎಂದು ಕೈಮುಗಿದೆ. ಚಿಪ್ ಇನ್ನೂ ಇಂಜಿನ್ನಿನ ಸ್ವಭಾವ ಕಲಿಯುತ್ತಿದೆ, ಕಲಿತ ಮೇಲೆ ಹೊಗೆ ತಾನೇ ನಿಲ್ಲುತ್ತದೆ ಎಂದರು ಭಾವ. ಕಾರಿಗೆ ಹುರುಪು ಬಂದದ್ದು ನಾನು ಹಾಕಿದ ಹೊಸ ಫಿಲ್ಟರ್, ಪ್ಲಗ್ಗಿನಿಂದ ಎಂದು ಆಗ ಹೇಳಿದೆ. ಭಾವ ನನ್ನ ಹೆಗಲು ತಟ್ಟಿದರು.

"ಇಂಥದ್ದೆಲ್ಲ ಬಂದ್ರೆ ನಿಮ್ಮಂಥೋರ ಹೊಟ್ಟೆಪಾಡಿಗೆ ಕಷ್ಟ, ನಂಗೊತ್ತು ಕಣೋ. ಅದಕ್ಕಂತ ಸುಳ್ಳು ಹೇಳ್ಬೇಡ."

ನನಗೆ ಮೈಯೆಲ್ಲ ಉರಿಯಿತು. ಚಿಪ್ ಕಿತ್ತು ಅವರೆದುರೇ ಬಿಚ್ಚಿದೆ. ಒಳಗೆ ಮಿಣಮಿಣ ಎನ್ನುವ ಒಂದು ನೀಲಿ ದೀಪ, ಅದಕ್ಕೆ ಕರೆಂಟ್ ಕೊಡುವ ಎರಡು ತಂತಿ. ಇಂಜಿನ್ನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮುಚ್ಚಳ ಒತ್ತಿ, ಮತ್ತೆ ಅಲ್ಲೇ ಚುಚ್ಚಿ, ಬಾಡಿಗೆಗೆ ಹೊರಟರು. ನಾನು ಹಿಂದೆಯೇ ಓಡಿ ಒಂದು ಡಬ್ಬ ಆಯಿಲ್ ಡಿಕ್ಕಿಯಲ್ಲಿಟ್ಟೆ, ದಿನಾ ಹಾಕಿಕೊಳ್ಳಿ ಎಂದೆ. ನನ್ನ ಕೈಲಾದದ್ದು ಅಷ್ಟೇ.

ಐದನೇ ದಿನ ಹೆದ್ದಾರಿಯಲ್ಲಿ ಇಂಜಿನ್ ಜಾಮ್ ಆಗಿ ನಿಂತಿತು. ಎಳೆದು ತಂದ ಮೇಲೆ ಬಿಚ್ಚಿ ನೋಡಿದೆ, ಉಳಿಸುವಂಥದ್ದೇನೂ ಇರಲಿಲ್ಲ. ಡಿಕ್ಕಿಯಲ್ಲಿದ್ದ ಡಬ್ಬದ ಸೀಲ್ ಒಡೆದಿರಲಿಲ್ಲ. ಭಾವ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ಅಕ್ಕ ಬಂದಳು. ಕಾರನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಚೆನ್ನಾಗಿ ಓಡ್ತಿತ್ತಲ್ಲೋ," ಎಂದಳು. "ಆ ಚಿಪ್ ಯಾಕೋ ಬಿಚ್ಚಿದೆ?"