ಸೀಮೆಎಣ್ಣೆ ಡಬ್ಬಗಳ ತೋಟ

ದೇರಪ್ಪನವರು ಮಣ್ಣು ತುಳಿಯುತ್ತಿರಲಿಲ್ಲ. ಮಳೆಗಾಲ ಹಿಡಿದರೆ ದಾರಿಯೆಲ್ಲ ಕೆಸರಾಗಿಬಿಡುವ ಕೊಡಗಿನ ಪಾಲಿಬೆಟ್ಟದಲ್ಲಿ ಇದು ಸಾಮಾನ್ಯ ವ್ರತವಲ್ಲ. ಬಾಡಿಗೆಯ ಕೋಣೆಯಿಂದ ಅಂಗಡಿಗೆ ಬರುವಾಗ ಕಲ್ಲಿನಿಂದ ಕಲ್ಲಿಗೆ, ಚರಂಡಿಯ ಕಟ್ಟೆಯಿಂದ ಅಂಗಡಿಯ ಮೆಟ್ಟಿಲಿಗೆ, ನೀಳಕಾಲಿನ ಕೊಕ್ಕರೆಯ ಹಾಗೆ ಹೆಜ್ಜೆ ಹುಡುಕಿಕೊಂಡು ಬರುತ್ತಿದ್ದರು. ಕೈಗಳೆರಡೂ ಸದಾ ಕೋಟಿನ ಜೇಬಿನಲ್ಲಿ. ಆ ಕೋಟು ಯಾವನೋ ದಪ್ಪ ಬಿಳಿ ದೊರೆಯ ಮೈಗೆ ಹೊಲಿದದ್ದು, ಬಂಗಲೆಯೊಂದರ ಹರಾಜಿನಲ್ಲಿ ಇವರ ಪಾಲಿಗೆ ಬಂದದ್ದು. ಗಾಳಿ ಬೀಸಿದಾಗ ಅದರೊಳಗೆ ಮನುಷ್ಯನಿದ್ದಾನೆಯೇ ಎಂದು ಸಂಶಯವಾಗುತ್ತಿತ್ತು. ಯಾರು ಏನು ಕೇಳಿದರೂ ಮೊದಲು "ಇರ್ಲಿ" ಎನ್ನುವರು. ಉತ್ತರ ಬಂದರೆ ಆಮೇಲೆ ಬಂದೀತು.

ನಾನು ಆಗ ಅಲ್ಲಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಅವರು ದುಡಿಯುತ್ತಿದ್ದುದು ಗಂಗಣ್ಣ ಶೆಟ್ಟರ ಅಂಗಡಿಯಲ್ಲಿ. ಸುತ್ತಲಿನ ಎಸ್ಟೇಟುಗಳ ದೊರೆಗಳಿಗೆ ಬೇಕಾದ ಬಿಸ್ಕತ್ತು, ದೀಪದ ಚಿಮಣಿ, ಕ್ಷೌರದ ಸಾಬೂನು, ಜೊತೆಗೆ ದೊರೆಸಾನಿಗಳಿಗಾಗಿ ತಲಚೇರಿಗೆ ಹಡಗಿನಲ್ಲಿ ಬಂದಿಳಿಯುವ ಸೀಮೆಹೂವಿನ ಬೀಜ, ಎಲ್ಲವೂ ಅಲ್ಲಿ ದೊರೆಯುತ್ತಿದ್ದವು. ಬೀಜದ ಪೊಟ್ಟಣದ ಮೇಲೆ ಬಣ್ಣದ ಚಿತ್ರವಿರುತ್ತಿತ್ತು. ದೇರಪ್ಪನವರು ಅದನ್ನು ಕಣ್ಣೆತ್ತಿಯೂ ನೋಡದೆ, ಮೊಳೆ ಕೊಡುವವರ ಹಾಗೆ ಕೊಟ್ಟು ಕಳಿಸುತ್ತಿದ್ದರು.

ಮಣ್ಣಿನ ಮೇಲಿನ ಈ ಮುನಿಸಿನ ಕಾರಣವನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದರು. ಭಾಗಮಂಡಲದ ಕಡೆಯ ಹಳ್ಳಿಯೊಂದರಲ್ಲಿ ಅವರದೊಂದು ಕಿತ್ತಳೆ ತೋಟವಿತ್ತು. ದೊಡ್ಡ ಜ್ವರ ಊರೂರನ್ನೇ ಗುಡಿಸಿಹಾಕಿದ ವರ್ಷ ಮಳೆಯೂ ಕೈಕೊಟ್ಟಿತ್ತು. ಹೆಂಡತಿ ಕಮಲ ಒಳಗೆ ಮಲಗಿದ್ದಳು. ಎಳೆಯ ಗಿಡಗಳು ಹೊರಗೆ ಬಾಡುತ್ತಿದ್ದವು. ಸ್ವಲ್ಪ ಹೊತ್ತಿನ ಕೆಲಸವೆಂದು ಹೊಳೆಗೆ ಇಳಿದವರು, ಗಿಡದಿಂದ ಗಿಡಕ್ಕೆ ಕೊಡ ಹೊತ್ತು ಮುಗಿಸಿ ಬರುವಾಗ ಮಧ್ಯಾಹ್ನ ಕಳೆದಿತ್ತು. "ಅವಳ ಬಾಯಿಗೆ ನೀರು ಬಿಡುವವರಿಲ್ಲದ ಹೊತ್ತಲ್ಲಿ ನಾನು ಗಿಡಕ್ಕೆ ನೀರು ಹೊಯ್ತಾ ಇದ್ದೆ ಮೇಷ್ಟ್ರೇ," ಎಂದರು. ತಿಥಿ ಮುಗಿದ ಮೇಲೆ ತೋಟವನ್ನು ತಮ್ಮನ ಕೈಗೆ ಬಿಟ್ಟು ಕೊಡಗಿನ ಈ ಮಗ್ಗುಲಿಗೆ ಬಂದವರು, ಮತ್ತೆ ಗುದ್ದಲಿ ಮುಟ್ಟಿರಲಿಲ್ಲ.

ಒಂದು ವರ್ಷ ದೊರೆಸಾನಿಯೊಬ್ಬಳು ಅಂಗಡಿಗೆ ಬಂದು, ತಾನು ಒಯ್ದ ಬೀಜದಲ್ಲಿ ಒಂದೂ ಮೊಳೆಯಲಿಲ್ಲವೆಂದು ಶೆಟ್ಟರ ಮುಖಕ್ಕೆ ಪೊಟ್ಟಣ ಚೆಲ್ಲಿ ಹೋದಳು. ಇನ್ನು ಮುಂದೆ ಹೊಸ ಪೆಟ್ಟಿಗೆ ಬಂದಾಗಲೆಲ್ಲ ನಾಲ್ಕು ಬೀಜ ಹಿತ್ತಲಲ್ಲಿ ಹಾಕಿ ನೋಡಿಯೇ ಮಾರಬೇಕೆಂದು ಶೆಟ್ಟರು ತೀರ್ಮಾನಿಸಿದರು. ದೇರಪ್ಪನವರು ಆಗುವುದಿಲ್ಲವೆಂದರು. ಶೆಟ್ಟರು ಕೆಟ್ಟವರಲ್ಲ, ವ್ಯಾಪಾರಿ. "ಮಾಲಿಗೆ ಜೀವ ಉಂಟೋ ಇಲ್ಲವೋ ಅಂತ ಮಾರುವವನಿಗೆ ಗೊತ್ತಿರಬೇಡವಾ? ಆಗದಿದ್ರೆ ಬೇರೆ ಕಡೆ ಕೆಲಸ ನೋಡಿಕೊಳ್ಳಿ," ಎಂದರು. ಆ ವಯಸ್ಸಿನಲ್ಲಿ ಬೇರೆ ಕಡೆ ಯಾವುದಿದೆ? ಎಸ್ಟೇಟಿನ ಕೂಲಿಯವರ ಲೈನಿನಿಂದ ಸಾಮಾನು ಕೊಳ್ಳಲು ಬಂದಿದ್ದ ಆಳು ಹೆಂಗಸು ಮಾರಿಯಿಂದ ಕತ್ತರಿಸಿದ ಸೀಮೆಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿಸಿಕೊಂಡು, ಪೆನ್ಸಿಲಿನ ಹಿಂತುದಿಯಿಂದ ಬೀಜವನ್ನು ಒಳಗೊತ್ತಿ, ಕೈ ತೊಳೆದುಕೊಂಡು ಬಂದರು. ಆ ಕೈಗೆ ಮಣ್ಣು ತಾಗಿರಲೇ ಇಲ್ಲ.

ಅದು ಮೊಳೆತದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ನಾನು ಬೆಂಕಿಪೊಟ್ಟಣಕ್ಕೆಂದು ಹೋದಾಗ ಗಲ್ಲಾಪೆಟ್ಟಿಗೆಯ ಬಳಿ ಯಾರೂ ಇರಲಿಲ್ಲ. ಹಿತ್ತಲಿಗೆ ಇಣುಕಿದರೆ ದೇರಪ್ಪನವರು ಬರಿ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬಾಗಿದ ಮೊಳಕೆಯೊಂದಕ್ಕೆ ಬೆರಳಿನಿಂದ ಮಣ್ಣು ಏರಿಸುತ್ತಿದ್ದರು. ಕೋಟಿನ ಅಂಚು ಕೆಸರಲ್ಲಿ ನೆನೆಯುತ್ತಿತ್ತು. ನನ್ನನ್ನು ಕಂಡು ಎದ್ದರು. "ಇರ್ಲಿ," ಎಂದರು. ಅದನ್ನು ಅವರು ನನಗೆ ಹೇಳಿದ್ದಲ್ಲವೆಂದು ಈಗಲೂ ನನಗೆ ಅನಿಸುತ್ತದೆ.

ಅಲ್ಲಿಂದ ಡಬ್ಬಗಳು ಹೆಚ್ಚಿದವು. ಹಿತ್ತಲ ಗೋಡೆಯುದ್ದಕ್ಕೂ ಸೀಮೆಯ ಹೂಗಳು ಹಬ್ಬಿ ಹರಡಿ, ಪರಿಮಳ ಅಂಗಡಿಯ ಒಣಮೀನಿನ ವಾಸನೆಯನ್ನೂ ಹಿಮ್ಮೆಟ್ಟಿಸಿ ಬೀದಿಗೆ ಬರುತ್ತಿತ್ತು. ದೊರೆಸಾನಿಯರನ್ನು ಹಿತ್ತಲಿಗೇ ಕರೆದೊಯ್ದು ತೋರಿಸಿ ಬೀಜ ಮಾರುವರು. ಮಾರಿಗೆ ಲೈನಿನ ಬಾಗಿಲಲ್ಲಿ ಹಾಕಲು ಚೆಂಡುಹೂವಿನ ಬೀಜವನ್ನು ಸುಮ್ಮನೆ ಕೊಟ್ಟು, ಅದು ಹೇಗೆ ಬಂತೆಂದು ವಾರವಾರವೂ ವಿಚಾರಿಸುವರು. ಇಪ್ಪತ್ತು ವರ್ಷ ಗೋರಿಯಂತೆ ಮುಚ್ಚಿಕೊಂಡಿದ್ದ ಮನುಷ್ಯ ಹೀಗೆ ತೆರೆದುಕೊಂಡದ್ದನ್ನು ಕಂಡು ನಾನು ಹಿಗ್ಗಿದೆ. ತೆರೆದ ಬಾಗಿಲಿನಿಂದ ಏನೆಲ್ಲ ಒಳಗೆ ಬಂದೀತೆಂದು ನಾನು ಯೋಚಿಸಲಿಲ್ಲ.

ಕಿತ್ತಳೆ ಹಣ್ಣಾಗುವ ಕಾಲಕ್ಕೆ ಅವರು ರಜೆ ಕೇಳಿ ಊರಿಗೆ ಹೋದರು. ತಮ್ಮ ಸತ್ತಿದ್ದ, ತೋಟ ತಮ್ಮನ ಮಗ ಬೊಳ್ಳಪ್ಪನ ವಶದಲ್ಲಿತ್ತು. ಬಂದಳಿಕೆ ಹತ್ತಿ ಮರಗಳೆಲ್ಲ ಒಣಗಿ, ಹೊಳೆಯ ಬದಿಯ ಒಂದೇ ಒಂದು ಉಳಿದಿತ್ತಂತೆ. ಆ ಜ್ವರದ ದಿನ ನೀರು ಹೊತ್ತು ಬದುಕಿಸಿದವುಗಳಲ್ಲೊಂದು. ಅದರ ಹಣ್ಣನ್ನು ಕೋಟಿನ ಜೇಬು ತುಂಬ ತಂದು, ನನಗೆ ತೊಳೆ ಬಿಡಿಸಿ ಕೊಟ್ಟು, ಬೀಜಗಳನ್ನು ತಿರುಗಿ ಇಸಿದುಕೊಂಡರು. ಮುಂದಿನ ಮಳೆಗೆ ಹೂವಿನ ಡಬ್ಬಗಳ ಪಕ್ಕದಲ್ಲಿ ಕಿತ್ತಳೆ ಸಸಿಗಳು ನಿಂತವು. ಅವು ಮಾರಾಟಕ್ಕಲ್ಲವೆಂದು ಶೆಟ್ಟರಿಗೆ ಸ್ಪಷ್ಟವಾಗಿ ಹೇಳಿದ್ದರು.

ಯುದ್ಧ ಬಂತು. ಬೀಜದ ಹಡಗು ನಿಂತಿತು. ದೊರೆಗಳು ಸೈನ್ಯಕ್ಕೆ, ದೊರೆಸಾನಿಯರು ಎಲ್ಲೆಲ್ಲಿಗೋ ಹೋದರು. ಶೆಟ್ಟರು ಅಂಗಡಿಯನ್ನು ಅಕ್ಕಿಯ ಮಂಡಿ ಮಾಡಿ, ಹಿತ್ತಲಿಗೆ ತಗಡು ಹೊದಿಸುವುದೆಂದು ನಿಶ್ಚಯಿಸಿ, ದೇರಪ್ಪನವರಿಗೆ ಡಬ್ಬಗಳನ್ನು ತೆಗೆಯಲು ಹೇಳಿದರು. ಮೂಟೆ ಎಣಿಸುವ ಕೆಲಸವನ್ನೇನೋ ಉಳಿಸಿಕೊಟ್ಟರು. ಹೂಗಳನ್ನು ದೇರಪ್ಪನವರು ಲೈನಿನವರಿಗೆ ಹಂಚಿದರು. ಸಸಿಗಳನ್ನು ಗಾಡಿಗೇರಿಸಿ, ಮೊದಲ ಮಳೆಯಲ್ಲೇ ಭಾಗಮಂಡಲದ ಕಡೆಗೆ ಹೊರಟರು. ಜೊತೆಗೆ ಬರಲೇ ಎಂದು ಕೇಳಿದೆ, ಒಪ್ಪಿದರು.

ಬೊಳ್ಳಪ್ಪ ಉಪಚಾರಕ್ಕೆ ಕಡಿಮೆ ಮಾಡಲಿಲ್ಲ. ಬಿಸಿನೀರು ಕೊಟ್ಟ, ಊಟ ಬಡಿಸಿದ. ಊಟವಾದ ಮೇಲೆ, ತಲೆ ತಗ್ಗಿಸಿಕೊಂಡೇ ಹೇಳಿದ: "ದೊಡ್ಡಪ್ಪ, ನೀವು ಬೇಕಾರೆ ಇಲ್ಲೇ ಇರಿ. ಗಿಡ ಮಾತ್ರ ಬೇಡ. ನೆಟ್ಟವನಿಗೇ ನೆಲಂತ ನಾಳೆ ಯಾರಾರ್ ಹೇಳಿರೆ ನಾ ಏನ್ ಮಾಡುದು? ನಂಗೂ ಮಕ್ಕ ಉಟ್ಟು."

ದೇರಪ್ಪನವರು ಹೊಳೆಯ ಬದಿಗೆ ಹೋಗಿ ಆ ಒಂದು ಮರವನ್ನು ನೋಡಿ ಬಂದು ಗಾಡಿ ಹತ್ತಿದರು. ದಾರಿಯಲ್ಲಿ, "ಅವ ಹೇಳಿದ್ದು ತಪ್ಪಲ್ಲ," ಎಂದರು. ಮತ್ತೂ ಸ್ವಲ್ಪ ದೂರ ಹೋದ ಮೇಲೆ, "ಗಿಡ ಉಂಟು ಮೇಷ್ಟ್ರೇ, ನೆಲ ಇಲ್ಲೆ."

ಶಾಲೆಯ ಅಂಗಳದಲ್ಲಿ ನೆಡೋಣವೆಂದು ನಾನೇ ಗುದ್ದಲಿ ಹಿಡಿದೆ. ಗೇಣುದ್ದ ಅಗೆಯುವುದರೊಳಗೆ ಬಂಡೆ ಸಿಕ್ಕಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿದೆ. ದೊರೆಯಿಲ್ಲದಾಗ ತಾನು ಒಂದು ಕಡ್ಡಿ ನೆಡಲೂ ಅಪ್ಪಣೆ ಕೊಡಲಾರೆನೆಂದ. ಸಸಿಗಳು ಅವರ ಕೋಣೆಯ ಜಗಲಿಯಲ್ಲೇ ಉಳಿದವು. ಮರುವರ್ಷದ ಬೇಸಿಗೆಯಲ್ಲಿ ಎಲೆ ಹಳದಿಯಾಗಿ ತುದಿಯಿಂದ ಒಣಗತೊಡಗಿದವು. ಅವರು ನೀರು ಹಾಕುವುದನ್ನು ಬಿಡಲಿಲ್ಲ. ಒಂದು ಭಾನುವಾರ ಡಬ್ಬವೊಂದನ್ನು ಬೋರಲು ಮಾಡಿ ನನಗೆ ತೋರಿಸಿದರು. ಬೇರು ಕೆಳಗಿಳಿಯಲು ದಾರಿ ಕಾಣದೆ ಸುತ್ತಿ ಸುತ್ತಿ, ಡಬ್ಬದ ಚೌಕಾಕಾರಕ್ಕೇ ಗಟ್ಟಿಯಾಗಿತ್ತು.

"ಮೊದಲು ಈ ಮಣ್ಣಿನ ಮೇಲೆ ಸಿಟ್ಟಿತ್ತು," ಎಂದರು. "ಸಿಟ್ಟಲ್ಲಿ ಬದುಕಬಹುದು. ಈಗ ಅದೂ ಇಲ್ಲೆ."

ಮರುವರ್ಷ ನನಗೆ ಶ್ರೀಮಂಗಲಕ್ಕೆ ವರ್ಗವಾಯಿತು. ಅವರು ಅಕ್ಕಿಯ ಮೂಟೆಗಳ ನಡುವೆಯೇ ಒಂದು ಮಳೆಗಾಲದಲ್ಲಿ ತೀರಿಕೊಂಡರೆಂದು ಆಮೇಲೆ ಕೇಳಿದೆ.

ಕಳೆದುಕೊಂಡ ಪ್ರೀತಿ ಮರಳಿ ಸಿಕ್ಕಿದವರನ್ನು ಲೋಕ ಭಾಗ್ಯವಂತರೆನ್ನುತ್ತದೆ. ನಾನೂ ಹಾಗೆ ನಂಬಿದ್ದೆ. ಆದರೆ ದೇರಪ್ಪನವರಂಥವರು ಅಲ್ಲಲ್ಲಿ ಇದ್ದಾರೆ: ದುಃಖದ ಭರದಲ್ಲಿ ತಮ್ಮದನ್ನೆಲ್ಲ ಬಿಟ್ಟುಕೊಟ್ಟು, ಬೇಡವೆಂಬ ಒಂದು ಮಾತಿನ ಆಸರೆಯಲ್ಲಿ ಹೇಗೋ ದಿನ ನೂಕುತ್ತಿರುವವರು. ಅಂಥವರಿಗೆ ಯಾವಾಗಲೋ, ಹೊಟ್ಟೆಪಾಡಿನ ಯಾವುದೋ ಕೆಲಸದ ನೆವದಲ್ಲಿ, ಬೇಕೆಂಬುದು ಮತ್ತೆ ಹುಟ್ಟಿಬಿಡುತ್ತದೆ. ಅಷ್ಟರಲ್ಲಿ ಅವರು ಬಿಟ್ಟುಕೊಟ್ಟದ್ದರ ಮೇಲೆ ಇನ್ನೊಬ್ಬರ ಸಂಸಾರ ಬೆಳೆದಿರುತ್ತದೆ. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. ಅಂಥವರ ಎದುರು ಕೂತಾಗ ಸಮಾಧಾನದ ಮಾತೊಂದನ್ನು ನಾನು ಬಹಳ ಹುಡುಕಿದ್ದೇನೆ. ಸಿಕ್ಕಿಲ್ಲ.