ಲೋಟದ ಚಿತ್ರ

ಆಸ್ಪತ್ರೆಯ ಸ್ಕ್ಯಾನ್ ಯಂತ್ರದ ಹಲಗೆಯ ಮೇಲೆ ಮಲಗಿಸಿದ್ದ ಅತ್ತೆಯ ತಲೆಯ ಎರಡೂ ಬದಿಗೆ ಸ್ಪಂಜು ತುರುಕುತ್ತ ಅವಳು ರೋಗಿಗಳಿಗೆ ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತನ್ನೇ ಹೇಳಿದಳು. "ಅಲ್ಲಾಡಬೇಡಿ ಅತ್ತೆ. ಸದ್ದು ಜೋರಾಗಿರುತ್ತೆ, ಹೆದರಬೇಡಿ."

ಅತ್ತೆ ಕಣ್ಣು ಮಿಟುಕಿಸಿದರು. ಒಂದು ಕಾಲಕ್ಕೆ ಅವರ ಬಾಯಿಗೆ ಬೀದಿಗೆ ಬೀದಿಯೇ ಹೆದರುತ್ತಿತ್ತು. ಪಾರ್ಶ್ವವಾಯು ಬಡಿದ ಈ ಮೂರು ತಿಂಗಳಲ್ಲಿ ಆ ಬಾಯಿಂದ ಹೊರಟದ್ದು 'ಅದು' ಎಂಬ ಒಂದೇ ಮಾತು.

ಗಾಜಿನಾಚೆಯ ಕೋಣೆಗೆ ಬಂದು ಗುಂಡಿ ಒತ್ತಿದಳು. ಪಾರ್ಶ್ವವಾಯುವಿನ ನಂತರ ಮಿದುಳಿನಲ್ಲಿ ರಕ್ತದ ಹರಿವು ಹೇಗೆ ಬದಲಾಗುತ್ತದೆಂದು ಡಾಕ್ಟರು ನಡೆಸುತ್ತಿದ್ದ ಅಧ್ಯಯನದಲ್ಲಿ ಅತ್ತೆಯೂ ಒಬ್ಬರು. ಪರದೆಯ ಚಿತ್ರದಲ್ಲಿ ಕೆಂಪೆಂದರೆ ಹರಿವು ಚೆನ್ನಾಗಿದೆ, ನೀಲಿಯೆಂದರೆ ಬತ್ತಿದೆ.

"ನೋಡಮ್ಮ, ಹೋದ ಸಲ ಇಲ್ಲೆಲ್ಲ ನೀಲಿ. ಈಗ ಅಂಚಿಗೆ ಕೆಂಪು ಬಂದಿದೆ! ಮಾತಿನ ಜಾಗ ಇದು. ಚಿತ್ರದ ಕಾರ್ಡ್ ತೋರಿಸಿ ಮಾತಾಡಿಸ್ತಿದ್ದೀರಿ ತಾನೆ?" ಎಂದರು ಡಾಕ್ಟರು.

"ದಿನಾ."

"ಹಾಗಾದ್ರೆ ಕಿವಿಗೆ ಹತ್ತಿ ತೆಗೆದಿಡಿ. ಇನ್ನು ಬೈಸಿಕೊಳ್ಳೋ ಕಾಲ ಬಂತು!"

ಅವಳೂ ನಕ್ಕಳು. ಕಣ್ಣು ಮಾತ್ರ ಆ ಕೆಂಪು ಅಂಚಿನಲ್ಲೇ ನೆಟ್ಟಿತ್ತು.

ಮೂರು ತಿಂಗಳ ಹಿಂದಿನ ಆ ಬೆಳಿಗ್ಗೆ ಅತ್ತೆಯ ಬಲಗೈಯಿಂದ ನೀರಿನ ಲೋಟ ಜಾರಿತ್ತು. ಬಾಯಿ ಒಂದು ಕಡೆಗೆ ವಾಲಿತ್ತು. ದಿನಬೆಳಗಾದರೆ ಅಂಥ ಬಾಯಿಗಳನ್ನೇ ನೋಡುವವಳು ಅವಳು. ಆದರೆ ಹಿಂದಿನ ದಿನದ ಜಗಳದ ಸಿಟ್ಟು ಇನ್ನೂ ಮೂಗಿನ ತುದಿಯಲ್ಲಿತ್ತು. "ಬೆಳ್ಳಂಬೆಳಿಗ್ಗೆ ಶುರುವಾಯ್ತಾ ನಿಮ್ಮ ನಾಟಕ?" ಎಂದು ನೆಲ ಒರೆಸಿ ಕೆಲಸಕ್ಕೆ ನಡೆದಳು. ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ತಾಯಿ ನೆಲದ ಮೇಲಿದ್ದರು.

"ನೀನು ಹೊರಡುವಾಗ ಅಮ್ಮ ಚೆನ್ನಾಗಿದ್ರಾ?"

"ಹೂಂ, ಚೆನ್ನಾಗೇ ಇದ್ರು."

ನಿಜ ಬಲ್ಲ ಇನ್ನೊಬ್ಬರ ಬಾಯಿ ಬಿದ್ದುಹೋಗಿತ್ತು. ಅದು ಬಿದ್ದೇ ಇರಲಿ ಎಂದು ಅವಳು ಎಂದೂ ಬೇಡಿಕೊಂಡಿರಲಿಲ್ಲ. ಕಾರ್ಡಿನ ಕಟ್ಟನ್ನು ಕಪಾಟಿನಲ್ಲಿಟ್ಟಿದ್ದಳು, ಅಷ್ಟೇ. ಗಂಡ ಎದುರಿಗಿದ್ದರೆ ನಾಲ್ಕು ಕಾರ್ಡು ತೋರಿಸುವಳು. ಲೋಟದ ಕಾರ್ಡನ್ನಂತೂ ಮೊದಲ ದಿನವೇ ತೆಗೆದು ತನ್ನ ಕೈಚೀಲಕ್ಕೆ ಸೇರಿಸಿದ್ದಳು. ಅವಳು ನೀರೆರೆಯದಿದ್ದರೂ ಅತ್ತೆಯ ತಲೆಯೊಳಗೆ ಮಾತು ತಾನಾಗಿ ಚಿಗುರುತ್ತಿತ್ತು.

ಯಂತ್ರದಿಂದ ಹೊರಗೆಳೆದು ಪಟ್ಟಿ ಬಿಚ್ಚುವಾಗ ಅತ್ತೆ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದರು. "ಅದು... ಅದು..." ಎಂದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಹೊರಗೆ ಕಾಯುತ್ತಿದ್ದ ಗಂಡ ಗಾಲಿಕುರ್ಚಿಗೆ ಕೈಹಾಕಿ ಕೇಳಿದ, "ಏನಂದ್ರು?"

"ಮಾತು ಬರಬಹುದಂತೆ."

"ನಿನ್ನ ಪುಣ್ಯ ಕಣೇ. ಎಷ್ಟು ಮಾಡಿದೀಯ!"

ಕೈಚೀಲದೊಳಗೆ ಅವಳ ಬೆರಳು ಲೋಟದ ಕಾರ್ಡಿನ ಮೊಂಡಾದ ಮೂಲೆಯನ್ನು ಸವರಿತು. ಇವತ್ತು ಸಂಜೆಯಿಂದಲೇ ಅತ್ತೆಗೆ ಕಾರ್ಡು ತೋರಿಸುವುದು. ಮೊದಲು ಲೋಟ.