ಆಚೆ ಕಡೆಯ ಪಾರ್ಕು

ಮೂರನೆಯ ಸಾಲಿನಿಂದ ಎದ್ದು ಮೈಕು ಕೈಗೆ ತೆಗೆದುಕೊಂಡವಳು ತನ್ನ ಅಕ್ಕ ಎಂದು ಗೊತ್ತಾದಾಗ, ಎದುರಿನ ಮೇಜಿನ ಬಳಿ ನಿಂತಿದ್ದ ಅವಳಿಗೆ ಹೋದ ಜೀವ ಬಂದಂತಾಯಿತು. ಬಡಾವಣೆಯವರ ಸಭೆ ಶುರುವಾದಾಗಿನಿಂದ ಒಬ್ಬರಾದರೂ ಸೇತುವೆಯ ಪರವಾಗಿ ಬಾಯಿ ಬಿಟ್ಟಿರಲಿಲ್ಲ. ಮೇಜಿನ ಮೇಲೆ ಅವಳೇ ರಟ್ಟಿನಲ್ಲಿ ಮಾಡಿದ್ದ ಮಾದರಿ ಇತ್ತು: ನಡುವೆ ಹೆದ್ದಾರಿ ಹಾದು ಎರಡು ಹೋಳಾದ ಪಾರ್ಕು, ಒಂದು ಕಡೆಯ ಹುಲ್ಲಿನಿಂದ ಎದ್ದು ಇನ್ನೊಂದು ಕಡೆಯ ಹುಲ್ಲಿಗೆ ಇಳಿಯುವ ಕಾಲುಸೇತುವೆ. ಮೆಟ್ಟಿಲಿರಲಿಲ್ಲ. ಅಮ್ಮನಂಥವರೂ ಏದುಸಿರು ಬಿಡದೆ ದಾಟಲಿ ಎಂದು ಇಳಿಜಾರನ್ನು ನಿಧಾನವಾಗಿ ಬಳಸಿ ತಂದಿದ್ದಳು.

"ಡಿಸೈನರ್ ಮೇಡಂ ಅವರಿಗೆ ಒಂದು ಪ್ರಶ್ನೆ" ಎಂದಳು ಅಕ್ಕ.

ಮೇಡಂ! ತಮಾಷೆಗೆ ಅಂದಳೇನೋ ಎಂದು ಅವಳು ನಕ್ಕಳು. ಅಕ್ಕ ನಗಲಿಲ್ಲ.

"ಈ ಇಳಿಜಾರಿನ ಅಡಿ ಪೂರ್ತಿ ಕತ್ತಲೆಯಂತೆ. ದೀಪ ಎಲ್ಲಿ ಹಾಕೋದು ಅಂತ ಇನ್ನೂ ನಿಮಗೇ ಗೊತ್ತಾಗಿಲ್ವಂತೆ. ಅಲ್ಲಿ ಯಾರ‍್ಯಾರು ಬಂದು ಕೂತ್ಕೊಳ್ತಾರೋ! ಆ ಕಡೆಯವರು ಎಂಥವರು ಅಂತ ನಿಮಗೇನು ಗೊತ್ತು? ಬಾಗಿಲು ಹಾಕ್ಕೊಂಡು ಕೂರಬೇಕಾದವರು ನಾವು."

ಚಪ್ಪಾಳೆ ಬಿತ್ತು.

ದೀಪದ ತೊಡಕನ್ನು ಅವಳು ಹೇಳಿದ್ದು ಒಬ್ಬಳ ಹತ್ತಿರ ಮಾತ್ರ. ಹೋದ ಭಾನುವಾರ ಅಕ್ಕನ ಮನೆಯ ಊಟದ ಮೇಜಿನ ತುದಿಯಲ್ಲಿ ನಕ್ಷೆ ಹರಡಿದಾಗ, "ಎಲ್ಲಾ ಸರಿ, ಎಲ್ಲೂ ತೊಂದರೆನೇ ಇಲ್ವಾ? ನನ್ನ ಹತ್ರ ಹೇಳದೆ ಇನ್ಯಾರ ಹತ್ರ ಹೇಳ್ತೀಯೇ ಪುಟ್ಟಿ" ಎಂದು ಅಕ್ಕನೇ ಕೆದಕಿ ಕೆದಕಿ ಕೇಳಿದ್ದಳು. ಎರಡನೆಯ ಸಲ ಬಡಿಸುತ್ತಾ ಕೇಳಿದ್ದಳು.

ಇಬ್ಬರೂ ಹುಟ್ಟಿ ಬೆಳೆದದ್ದು ಆ ಕಡೆಯೇ. ಹೆದ್ದಾರಿ ಬಂದ ಮೇಲೂ ತಂಗಿಯ ರಟ್ಟೆ ಹಿಡಿದು, ಲಾರಿಗಳ ನಡುವೆ ದಾಟಿಸಿ, ಈ ಕಡೆಯ ಜಾರುಬಂಡೆಗೆ ಕರೆತರುತ್ತಿದ್ದವಳು ಅಕ್ಕ. ಮದುವೆಯಾಗಿ ಈ ಕಡೆಯ ಮಹಡಿ ಮನೆಗೆ ಬಂದ ಮೇಲೆ ಮಾತ್ರ, ತವರು ಎಲ್ಲಿ ಎಂದು ಯಾರಾದರೂ ಕೇಳಿದರೆ ಮಾತು ಮರೆಸುತ್ತಿದ್ದಳು.

"ಏನು ಹೇಳ್ತೀರಿ ಮೇಡಂ? ಆ ಕಡೆಯವರ ವಿಷಯ ನಿಮಗೆ ಗೊತ್ತಾ?" ಎಂದರು ಸಭೆ ನಡೆಸುತ್ತಿದ್ದ ಅಧಿಕಾರಿ.

ಒಂದೇ ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಅಕ್ಕ ಕೈಚೀಲದ ಪಟ್ಟಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತುತ್ತಾ ನೆಲ ನೋಡುತ್ತಿದ್ದಳು.

"ನಾನು ಅಲ್ಲೇ ಇರೋದು ಸರ್" ಎಂದಳು ಅವಳು. "ನಾನು, ನಮ್ಮಮ್ಮ."

"ಓಹೋ, ಅದಕ್ಕೇ ಇಷ್ಟು ಉತ್ಸಾಹ!" ಎಂದು ಹಿಂದಿನಿಂದ ಯಾರೋ ಅಂದರು. ಸಭಾಂಗಣವೆಲ್ಲ ನಕ್ಕಿತು. ಆಮೇಲೆ ಅವಳು ದೀಪಕ್ಕೆ ಮಾಡಬಹುದಾದ ಏರ್ಪಾಡನ್ನು ವಿವರಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ತೀರ್ಮಾನವಾಯಿತು: ಸೇತುವೆ ಬೇಕಾದರೆ ಆಗಲಿ, ಆದರೆ ಪಾರ್ಕಿನೊಳಗೆ ಬೇಡ. ಬೇಲಿಯ ಹೊರಗೆ ಬಸ್ ನಿಲ್ದಾಣದ ಪಕ್ಕ ಮೆಟ್ಟಿಲಲ್ಲಿ ಇಳಿಯಲಿ.

ಅವಳು ಮಾದರಿಯನ್ನು ಎತ್ತಿಕೊಂಡು ಹೊರಬಂದಾಗ ಅಕ್ಕ ಮೊಗಸಾಲೆಯಲ್ಲಿ ಕಾಯುತ್ತಿದ್ದಳು. ಎರಡೂ ಕಡೆ ನೋಡಿ ಹತ್ತಿರ ಬಂದಳು.

"ಕೋಪ ಮಾಡ್ಕೋಬೇಡ ಕಣೇ. ನೀನು ಡಿಸೈನ್ ಮಾಡಿ ಇನ್ನೊಂದು ಕೆಲಸಕ್ಕೆ ಹೋಗ್ತೀಯಾ. ಇವರ ಮಧ್ಯೆ ಬದುಕಬೇಕಾದವಳು ನಾನು. ಅವರೇ ನನ್ನನ್ನ ಮಾತಾಡು ಅಂತ ಕಳಿಸಿದ್ದು."

"ಅಮ್ಮ ಇಲ್ಲಿಗೆ ಹೇಗೆ ಬರ್ತಾಳೆ, ಅಕ್ಕಾ?"

"ಅಮ್ಮನ್ನ ನಾನು ಕಾರಲ್ಲಿ ಕರ್ಕೊಂಡು ಬರ್ತೀನಲ್ಲ."

ಅವಳು ಮಾದರಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಅಕ್ಕ ತಗ್ಗಿದ ದನಿಯಲ್ಲಿ, "ನನ್ನ ವಿಷಯ ಹೇಳಲಿಲ್ಲ ನೀನು" ಎಂದಳು. ಅಷ್ಟರಲ್ಲಿ ಯಾರೋ ನೆರೆಯವರು ಕರೆದರು. ಅಕ್ಕ ಮುಖವನ್ನು ಸರಿಮಾಡಿಕೊಂಡು, ನಗುತ್ತಾ ಅವರ ಕಡೆ ಹೋದಳು.

ಸಂಜೆ ಅಮ್ಮ ಪಾರ್ಕಿನ ಆ ಕಡೆಯ ಹೋಳಿನಲ್ಲಿ, ಮನೆ ಪಕ್ಕದ ಕಲ್ಲುಬೆಂಚಿನ ಮೇಲೆ, ಗೆಳತಿಯರ ನಡುವೆ ಕುಳಿತಿದ್ದಳು. ಮಗಳನ್ನು ಕಂಡು ಸರಿದು ಜಾಗ ಮಾಡಿದಳು.

"ಅಕ್ಕ ಬಂದಿದ್ಲೇನೇ?"

"ಬಂದಿದ್ಲು."

"ಮಾತಾಡಿದ್ಲಾ?"

"ಮಾತಾಡಿದ್ಲಮ್ಮ. ಚೆನ್ನಾಗಿ ಮಾತಾಡಿದ್ಲು. ಎಲ್ಲರೂ ಚಪ್ಪಾಳೆ ತಟ್ಟಿದ್ರು."

ಅಮ್ಮನ ಮುಖ ಅರಳಿತು. ಪಕ್ಕದವಳ ಮೊಣಕೈ ತಿವಿದು, "ಕೇಳಿದ್ಯಾ? ಸಣ್ಣವಳು ಸೇತುವೆ ಬರೆದಿದ್ದಾಳೆ, ದೊಡ್ಡವಳು ಅಷ್ಟು ಜನರ ಎದುರು ನಿಂತು ಮಾತಾಡಿದ್ದಾಳೆ. ಮೊದಲಿಂದಲೂ ಅಷ್ಟೇ, ತಂಗಿನ ಒಂದು ದಿನ ಬಿಟ್ಟುಕೊಟ್ಟವಳಲ್ಲ" ಎಂದಳು.

ಅವಳು ಎದ್ದು ರಸ್ತೆಯಂಚಿನ ಕಂಬಿಬೇಲಿಯ ತನಕ ಹೋದಳು. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅವುಗಳ ಸಂದಿನಲ್ಲಿ ಆಚೆಯ ಹುಲ್ಲು ಚೂರು ಚೂರಾಗಿ ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು. ಅಲ್ಲಿ ಆಗಲೇ ದೀಪಗಳು ಹೊತ್ತಿಕೊಂಡಿದ್ದವು.